ಕೋಳಿಯ ತಲೆ ಯಾರ ಕಡೆಗೆ

ಜನವರಿ ೫, ಸೋಮವಾರ

ಸ್ವಸ್ತಿಶ್ರೀ ವಿಜಯಾಭ್ಯುದಯ. ಸಮಸ್ತ ಸೋರಿಕೆಗಳ ನಿಗ್ರಹಕರ್ತ್ರಿ, ಹಿತ್ತಾಳೆಕುಲದೀಪಿಕೆ, ವಾಷರ್ ಸಿಂಹಾಸನಾಧೀಶ್ವರಿ, ತೈವಾನಿನ ಲೂಕಾಂಗ್ ಪಟ್ಟಣದ ನಿಯೆನ್ ಅವರ ನಲ್ಲಿ ಕಾರ್ಖಾನೆಯ ಮೂರನೆಯ ಬೆಂಚಿನ ಏಕಚ್ಛತ್ರಾಧಿಪತಿ, ಷೀ ಕ್ವಾನ್-ಯಿಂಗ್ ಎಂಬ ನಾಮಧೇಯದ ನಾನು, ಎಡಗೈಯಲ್ಲಿ ಬೇಯಿಸಿದ ಶೇಂಗಾ, ಬಲಗೈಯಲ್ಲಿ ಪೆನ್ನು ಹಿಡಿದು, ಚಂದ್ರಸೂರ್ಯರಿರುವವರೆಗೆ ಇದನ್ನು ಯಾರೂ ಓದಕೂಡದೆಂದು ಆಜ್ಞಾಪಿಸಿ ಬರೆಯತೊಡಗಿದೆ. ಆಜ್ಞೆ ಮೀರಿದವರ ಮನೆಯ ನಲ್ಲಿ ಏಳು ತಲೆಮಾರು ಸೋರಲಿ.

ಇಷ್ಟು ಪೀಠಿಕೆ ಏಕೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ. ತೈಚುಂಗ್‌ನ ದೊಡ್ಡ ಕಂಪನಿಯವರು ಕೆಲಸಕ್ಕೆ ಕರೆದಿದ್ದಾರೆ. ಸಂಬಳ ಇಲ್ಲಿಯದಕ್ಕಿಂತ ಅರ್ಧದಷ್ಟು ಹೆಚ್ಚು, ಕಾಫಿ ಪುಕ್ಕಟೆ, ಮಧ್ಯಾಹ್ನದ ನಿದ್ದೆಗೆ ಒರಗುವ ಕುರ್ಚಿ. ವರ್ಷಾಂತ್ಯದ ಔತಣದ ಬೋನಸ್ ಕಿಸೆಗೆ ಹಾಕಿಕೊಂಡು, ಫೆಬ್ರವರಿಯಲ್ಲಿ ಬರುವ ನಮ್ಮ ಚಾಂದ್ರಮಾನ ಹೊಸ ವರ್ಷದ ರಜೆ ಮುಗಿಯುತ್ತಲೇ ಕೆಲಸ ಬಿಡುವುದು ನಮ್ಮ ಕಡೆಯ ಮರ್ಯಾದಸ್ಥ ಪದ್ಧತಿ. ಕಳೆದ ವರ್ಷ ನನ್ನ ವಯಸ್ಸಿನ ಮೂವರೂ ಹಾಗೆಯೇ ಹೋದರು. ಉಳಿದ ಎಳೆಯ ತಲೆ ನನ್ನದೊಂದೇ. ಉತ್ತರವನ್ನು ಈ ಸಲದ ಔತಣ ಮುಗಿದ ವಾರದೊಳಗೆ ಹೇಳಬೇಕು. ಔತಣ ಮೂವತ್ತೊಂದಕ್ಕೆ.

"ಯೋಚನೆ ಮಾಡೋಕೆ ಏನಿದೆಯೇ ಅದ್ರಲ್ಲಿ?" ಎಂದಳು ಅಮ್ಮ.

"ಯೋಚನೆ ಮಾಡ್ತಿಲ್ಲಮ್ಮ, ಶೇಂಗಾ ತಿಂತಿದೀನಿ."

"ಕಾಲು ಅಲ್ಲಾಡಿಸ್ಬೇಡ. ಸೌಭಾಗ್ಯ ಉದುರಿಹೋಗುತ್ತೆ."

ಉದುರಲಿ, ಗುಡಿಸಿಕೊಳ್ಳೋಣ.

ಇನ್ನೊಂದು ಘನಕಾರ್ಯವೂ ಇಂದೇ ನಡೆಯಿತು. ನಮ್ಮ ಕಾರ್ಖಾನೆಯ ಯಜಮಾನರಾದ ನಿಯೆನ್ ಅವರ ಬಾಯಿಂದ ಒಂದು ಸಿಹಿ ಮಾತು ಬೀಳಬೇಕಾದರೆ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಅಂಥವರು, ಹುಡುಗರೆಲ್ಲ ಏಕೆ ಓಡಿಹೋಗುತ್ತಾರೆಂದು ತಿಳಿಯಲು ತೈಪೆಯಿಂದ ಸಲಹೆಗಾರ್ತಿಯೊಬ್ಬರನ್ನು ಕರೆಸಿದ್ದಾರೆ. ಹೆಸರು ತುಂಗ್ ಮೇಡಂ. ಹಿತ್ತಾಳೆ ಪುಡಿ ಹಾಸಿದ ನೆಲದ ಮೇಲೆ ಬಿಳಿ ಬೂಟು ತೊಟ್ಟು ಬಂದಿದ್ದಾರೆ. ಆ ಬೂಟಿನ ಆಯುಷ್ಯದ ಬಗ್ಗೆ ಪಣ ಕಟ್ಟಲು ಯಾರೂ ಮುಂದೆ ಬರಲಿಲ್ಲ.

ಜನವರಿ ೬

ಬೆಳಗ್ಗೆ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಘೋಷಣೆ ಕೂಗಿಸಲಾಯಿತು. ಇನ್ನು ದಿನಾ ಇದೆಯಂತೆ. "ನಾವೆಲ್ಲ ಒಂದೇ ಮನೆ, ಮನೆಯೇ ನಮ್ಮ ಬಲ." ಅದನ್ನೇ ಬರೆದ ಕೆಂಪು ಬಿಲ್ಲೆಯನ್ನು ಎಲ್ಲರ ಎದೆಗೂ ಚುಚ್ಚಿದರು. ಯಜಮಾನರು ಮೊದಲ ಸಾಲಿನಲ್ಲಿ ನಿಂತು ತುಟಿ ಮಾತ್ರ ಆಡಿಸುತ್ತಿದ್ದರು, ತೊಟ್ಟಿಯ ಮೀನಿನ ಹಾಗೆ. ದನಿ ಇಲ್ಲ.

ನನ್ನ ಪಕ್ಕದ ಬೆಂಚಿನ ಸಿಯು-ಲಾನ್ ಚಿಕ್ಕಮ್ಮ ಕೈಯೆತ್ತಿದಳು. "ಒಂದೇ ಮನೆ ಅಂದ್ರಲ್ಲ ಮೇಡಂ, ಹಾಗಾದ್ರೆ ಪಾತ್ರೆ ತೊಳೆಯೋರು ಯಾರು?"

"ತುಂಬಾ ಒಳ್ಳೆಯ ಪ್ರಶ್ನೆ," ಎಂದು ತುಂಗ್ ಮೇಡಂ ಬರೆದುಕೊಂಡರು.

ಊಟದ ಕೋಣೆಯ ಗೋಡೆಗೆ ಈಗ "ಕೃತಜ್ಞತೆಯ ಗೋಡೆ" ಎಂದು ಹೆಸರು. ವಾರಕ್ಕೊಂದು ಹಳದಿ ಚೀಟಿಯಲ್ಲಿ ಯಾರಿಗಾದರೂ ಧನ್ಯವಾದ ಬರೆದು ಅಂಟಿಸಬೇಕು. ನಾನು ಕರ್ತವ್ಯಪ್ರಜ್ಞೆಯಿಂದ ಮೊದಲ ಚೀಟಿ ಅಂಟಿಸಿದೆ:

"ಬೇಸಿಗೆಯಿಂದಲೂ ನನ್ನನ್ನು ಸ್ವತಂತ್ರವಾಗಿ ಸೋರಲು ಬಿಟ್ಟಿರುವ ಈ ನಲ್ಲಿ ಕಾರ್ಖಾನೆಯ ಸಮಸ್ತ ಕುಟುಂಬಕ್ಕೆ ನಾನು ಚಿರಋಣಿ. ಇಂತಿ, ಹೆಂಗಸರ ಕೈತೊಳೆಯುವ ಕೋಣೆಯ ಎಡಗಡೆಯ ನಲ್ಲಿ."

ಜನವರಿ ೮

ಯಜಮಾನರು ಚೀಟಿಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ನಗಲಿಲ್ಲ, ಯಾರು ಬರೆದದ್ದೆಂದು ಕೇಳಲಿಲ್ಲ. ಮಧ್ಯಾಹ್ನ ಹೆಂಗಸರ ಕೋಣೆಯ ಹೊರಗೆ ನಿಂತು, "ಒಳಗ್ಯಾರಾದ್ರೂ ಇದೀರಾ?" ಎಂದು ಕೂಗಿ, ಸಿಯು-ಲಾನ್ ಚಿಕ್ಕಮ್ಮನನ್ನು ಬಾಗಿಲಿಗೆ ಕಾವಲಿಟ್ಟು, ತೋಳು ಮಡಚಿ ಬೇಸಿನ್ನಿನ ಕೆಳಗೆ ನುಗ್ಗಿದರು. ಹೊರಗೆ ಬಂದಾಗ ಅಂಗಿಯ ಬೆನ್ನು ಒದ್ದೆ.

ಸಂಜೆ ನನ್ನ ಚೀಟಿಯ ಕೆಳಗೆ ಇನ್ನೊಂದು ಚೀಟಿ ಇತ್ತು. ಅದರಲ್ಲಿ ಒಂದೇ ಪದ: "ನಿಂತಿತು."

ತುಂಗ್ ಮೇಡಂ ಅದನ್ನು ಕಿತ್ತುಹಾಕಿದರು. ಅದರಲ್ಲಿ ಕೃತಜ್ಞತೆ ಇಲ್ಲವಂತೆ.

ತಮಾಷೆ ಮಾಡಿದವಳು ನಾನು. ಆದರೂ ಗೆದ್ದವರು ಅವರೇನೋ ಅನ್ನಿಸಿ ಮೈಯೆಲ್ಲ ಪರಪರ.

ಜನವರಿ ೧೩, ಮಂಗಳವಾರ

ಈ ದಿನವನ್ನು ಇತಿಹಾಸದಿಂದ ಅಳಿಸಿಹಾಕಬೇಕು. ನಿನ್ನೆ ನಾನು ಜೋಡಿಸಿದ ಅಡುಗೆಮನೆ ನಲ್ಲಿಗಳಲ್ಲಿ ವಾಷರ್ ತಲೆಕೆಳಗಾಗಿ ಕೂತಿತ್ತು. ಮನಸ್ಸು ತೈಚುಂಗ್‌ನಲ್ಲಿತ್ತು, ಬೆರಳು ಮಾತ್ರ ಇಲ್ಲಿ. ನೀರು ಹಾಯಿಸಿ ಪರೀಕ್ಷಿಸುವಾಗ ಒಂದರ ಹಿಂದೊಂದು ಸೋರಿದವು, ಕಾರಂಜಿ ಉತ್ಸವದ ಹಾಗೆ.

ಬೈಗುಳಕ್ಕೆ ಕಾಯುತ್ತ ನಿಂತೆ. ಒಂದೆರಡು ಚತುರ ಉತ್ತರಗಳನ್ನೂ ಸಿದ್ಧಮಾಡಿಕೊಂಡಿದ್ದೆ. ಯಜಮಾನರು ಬಂದರು, ಒಂದು ನಲ್ಲಿ ಬಿಚ್ಚಿದರು, ನೋಡಿದರು, ಸ್ಟೂಲ್ ಎಳೆದುಕೊಂಡು ನನ್ನ ಬೆಂಚಿನಲ್ಲೇ ಕೂತು ಉಳಿದವನ್ನು ಬಿಚ್ಚತೊಡಗಿದರು. ನಾನೂ ಬಿಚ್ಚಿದೆ. ಪೆಟ್ಟಿಗೆಗಳೆಲ್ಲ ಮುಗಿಯುವವರೆಗೆ ಇಬ್ಬರ ನಡುವೆ ಒಂದು ಮಾತಿಲ್ಲ. ಏಳುವಾಗ ತಲೆಯೆತ್ತಿ ಮೇಲಿನ ಟ್ಯೂಬ್‌ಲೈಟ್ ನೋಡಿದರು.

"ಈ ಬೆಂಚಿಗೆ ಬೆಳಕು ಸಾಲ್ದು," ಎಂದರು.

ನನ್ನನ್ನು ಬೈಯಲಿಲ್ಲ, ದೀಪವನ್ನು ಬೈದರು. ಆ ಚತುರ ಉತ್ತರಗಳನ್ನು ಈಗ ಎಲ್ಲಿ ಎಸೆಯಲಿ?

ಜನವರಿ ೧೪

ಹೊಸ ದೀಪ ಬಂದಿದೆ. ಬೇಕೆಂದೇ ಅದರತ್ತ ನೋಡಲಿಲ್ಲ.

ಜನವರಿ ೧೬, ಶುಕ್ರವಾರ

ತುಂಗ್ ಮೇಡಂ ಸಭೆ ಕರೆದು, ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಜರ್ಮನಿಯ ಆರ್ಡರ್ ಕಡಿಮೆಯಾಗಿರುವುದರಿಂದ ಪ್ಯಾಕಿಂಗ್ ವಿಭಾಗ ಒಬ್ಬರು ಕಡಿಮೆಯಿದ್ದರೂ ನಡೆದೀತು ಎಂದರು. ಹೀಗೆ ಎಲ್ಲರೆದುರು ಹೇಳುವುದಕ್ಕೆ "ಪಾರದರ್ಶಕತೆ" ಎನ್ನುತ್ತಾರಂತೆ.

ಪ್ಯಾಕಿಂಗ್‌ನಲ್ಲಿ ಇರುವುದೇ ಇಬ್ಬರು. ಅವರಲ್ಲೊಬ್ಬರು ಹೋ-ಚುವಾನ್ ಮಾವ. ಮೊದಲು ಪಾಲಿಶ್ ವಿಭಾಗದ ಮೇಸ್ತ್ರಿ. ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದ ಮೇಲೆ ಯಜಮಾನರು ಅವರನ್ನು ಪ್ಯಾಕಿಂಗ್‌ಗೆ ಹಾಕಿದರು. ಎಲ್ಲರೂ ಈಗಲೂ ಮೇಸ್ತ್ರಿ ಎಂದೇ ಕರೆಯುತ್ತಾರೆ. ಸಭೆಯಲ್ಲಿ ಒಬ್ಬರೂ ಮಾವನ ಮುಖ ನೋಡಲಿಲ್ಲ. ಎಲ್ಲರೂ ರಟ್ಟಿನ ಡಬ್ಬಿಗಳನ್ನೇ ಭಕ್ತಿಯಿಂದ ನೋಡುತ್ತಿದ್ದೆವು.

ಯಜಮಾನರು, "ನೋಡೋಣ," ಎಂದರು. ಅಷ್ಟೇ. ಆ "ನೋಡೋಣ" ದಿನವಿಡೀ ಕಾರ್ಖಾನೆಯೊಳಗೆ ನೊಣದಂತೆ ಹಾರಾಡಿತು.

ಊಟದ ಹೊತ್ತಿಗೆ ಮಾವ ತಾವಾಗಿಯೇ ಮಾತು ತೆಗೆದರು. "ಹಿಂದೆ ಹೀಗೆಲ್ಲ ಚಿತ್ರ ತೋರಿಸ್ತಿರ್ಲಿಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ್ ಕಡೆ ವರ್ಷದ ಔತಣದಲ್ಲಿ ಇಡೀ ಕೋಳಿ ತಂದಿಡೋರು. ತಲೆ ಯಾರ ಕಡೆಗಿದ್ಯೋ ಅವ್ನು ಹೊಸ ವರ್ಷದಿಂದ ಕೆಲಸಕ್ಕೆ ಬರೋ ಹಾಗಿಲ್ಲ. ಧಣಿ ಒಂದ್ ಮಾತೂ ಆಡ್ತಿರ್ಲಿಲ್ಲ."

"ಅದು ನಮ್ಮಜ್ಜಿ ಹೆದ್ರಿಸೋಕೆ ಹೇಳೋ ಕಥೆ ಮಾವ."

"ನನ್ ಪಕ್ಕ ಕೂತಿದ್ದೋನ ಕಡೆಗೆ ತಿರುಗಿತ್ತಮ್ಮ. ಬಾಯಿಗೆ ಹಾಕ್ಕೊಂಡಿದ್ದ ತುತ್ತನ್ನ ನುಂಗ್ಲೂ ಇಲ್ಲ, ಉಗುಳ್ಲೂ ಇಲ್ಲ. ಹಾಗೇ ಎದ್ದು ಹೋದ."

"ಈಗೆಲ್ಲ ಅಡುಗೆಯೋರೇ ತಲೆನ ರೆಕ್ಕೆ ಕೆಳಗೆ ಬಚ್ಚಿಡ್ತಾರೆ ಬಿಡಿ," ಎಂದಳು ಸಿಯು-ಲಾನ್ ಚಿಕ್ಕಮ್ಮ. "ಧಣಿಗಳಿಗೂ ನಾಚಿಕೆ ಬಂದಿದೆ."

ಮಾವ ನಕ್ಕರು. ಅನ್ನ ಅರ್ಧಕ್ಕೆ ಬಿಟ್ಟರು.

ಜನವರಿ ೨೦

ತೈಚುಂಗ್‌ನಿಂದ ಫೋನು. "ನಮ್ಮಲ್ಲಿ ಎಲ್ಲರೂ ಒಂದೇ ಕುಟುಂಬದಂತೆ ಇದ್ದೇವೆ," ಎಂದಿತು ಆ ಮಧುರ ಕಂಠ. ಬರಬರುತ್ತ ನನ್ನ ಬಂಧುಬಳಗ ವಿಪರೀತ ಬೆಳೆಯುತ್ತಿದೆ.

ಬರುತ್ತೇನೆ ಎನ್ನಲು ಬಾಯಿ ತೆರೆದೆ. "ನೋಡೋಣ" ಎಂದುಬಿಟ್ಟೆ. ಥೂ.

ಜನವರಿ ೨೩, ಶುಕ್ರವಾರ

ಔತಣದ ವ್ಯವಸ್ಥೆ ನನ್ನ ಹೆಗಲಿಗೆ. ಯುವಪೀಳಿಗೆಯ ಭಾಗವಹಿಸುವಿಕೆಯಂತೆ, ಇಡೀ ಪೀಳಿಗೆ ನಾನೊಬ್ಬಳೇ. ಔತಣದಲ್ಲಿ ಯಜಮಾನರು ವೇಷ ಹಾಕಿ ಕುಣಿಯಬೇಕೆಂದು ತುಂಗ್ ಮೇಡಂ ಅಪ್ಪಣೆ ಕೊಟ್ಟಿದ್ದಾರೆ. ನಾಯಕ ತನ್ನನ್ನು ಸಣ್ಣವನಾಗಿಸಿಕೊಂಡರೆ ಕೆಲಸಗಾರರ ನಿಷ್ಠೆ ದೊಡ್ಡದಾಗುತ್ತದಂತೆ. ಯಾವ ವೇಷ ಎಂದು ಕೇಳಿದರು. ನಾನು ಗಂಭೀರವಾಗಿ, "ನಲ್ಲಿ," ಎಂದೆ. ಒಪ್ಪಿಗೆಯಾಯಿತು.

ನಾನು, ಚಿಕ್ಕಮ್ಮ ಸೇರಿ ರಟ್ಟು, ಬಂಗಾರದ ಕಾಗದ ಅಂಟಿಸಿ ನಲ್ಲಿ ಕಟ್ಟಿದೆವು. ತಲೆಯ ಮೇಲೆ ಹಿಡಿ, ಮೂಗಿನ ಮುಂದೆ ಬಾಗಿದ ಕೊಳವೆ. ಯಜಮಾನರು ತೊಟ್ಟು ನೋಡಿ, "ಕೊಳವೆ ಬಾಗು ಸರಿಯಿಲ್ಲ, ನೀರು ಮುಂದಕ್ಕೆ ಹಾರುತ್ತೆ," ಎಂದರು. ಬಿಚ್ಚಿಸಿ ತಾವೇ ಸರಿಮಾಡಿದರು.

ಕೂರುವ ಜಾಗಕ್ಕೆ ಚೀಟಿ ಎತ್ತಿದ್ದಾಯಿತು, ಮೇಲು ಕೀಳು ಇರಬಾರದೆಂದು. ನನ್ನದು ಮೊದಲ ಮೇಜು. ಬಲಕ್ಕೆ ತುಂಗ್ ಮೇಡಂ, ಎಡಕ್ಕೆ ಚಿಕ್ಕಮ್ಮ, ಎದುರಿಗೆ ನೇರವಾಗಿ ಹೋ-ಚುವಾನ್ ಮಾವ, ಮಾವನ ಪಕ್ಕ ಯಜಮಾನರು.

ಜನವರಿ ೨೭

ಉಗುರು ಕಚ್ಚಲು ಇನ್ನು ಉಗುರಿಲ್ಲ. ಮಾವ ತಮ್ಮ ಕಪಾಟನ್ನು ಒರೆಸುತ್ತಿದ್ದರು. ಸುಮ್ಮನೆ, ಧೂಳಾಗಿತ್ತಂತೆ.

ಜನವರಿ ೩೦, ಶುಕ್ರವಾರ

ಹರಿಯುವ ನೀರೇ ಸಾಕ್ಷಿಯಾಗಿ ಶ್ರುತಪಡಿಸುವುದೇನೆಂದರೆ, ನಾಳೆ ಇತಿಹಾಸ ನಿರ್ಮಾಣವಾಗಲಿದೆ. ಅಡುಗೆಯವರಿಗೆ ಹೇಳಿದ್ದೇನೆ: ಮೊದಲ ಮೇಜಿನ ಕೋಳಿಯ ತಲೆಯನ್ನು ಬಚ್ಚಿಡಬೇಡಿ. ತುಂಡು ಕ್ಯಾರೆಟ್ ಊರುಗೋಲು ಕೊಟ್ಟು, ಕತ್ತು ಎತ್ತಿ ನಿಲ್ಲಿಸಿ. ಮೇಜಿಗೆ ಇಡುವುದು ನಾನೇ. ಅದರ ಮುಖ ತುಂಗ್ ಮೇಡಂ ಕಡೆಗಿರುತ್ತದೆ. ಬಿಳಿ ಬೂಟಿಗೆ ವಿದಾಯ. ಎಲ್ಲರೂ ನಗುತ್ತಾರೆ, ಮಾವನೂ ನಗುತ್ತಾರೆ. ನಾನು ಭಾನುವಾರ ತೈಚುಂಗ್‌ಗೆ ಉತ್ತರ ಬರೆಯುತ್ತೇನೆ.

ಫೆಬ್ರವರಿ ೧, ಭಾನುವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಕೈ ಏಳಲಿಲ್ಲ.

ಅಂಗಳದಲ್ಲಿ ಶಾಮಿಯಾನ, ದುಂಡು ಮೇಜುಗಳು, ಮೇಜಿನ ನಡುವೆ ತಿರುಗುವ ತಟ್ಟೆ. ಆ ತಿರುಗುವ ತಟ್ಟೆಯ ಮೇಲೆ ಕೋಳಿ ಇಟ್ಟಾಗ ಅದು ತಿರುಗುತ್ತದೆ ಎಂಬುದು, ಹುಟ್ಟಿದಾಗಿನಿಂದ ಇಂಥ ಮೇಜಿನಲ್ಲೇ ಉಂಡ ನನಗೆ ಹೊಳೆಯಲಿಲ್ಲ.

ಯಜಮಾನರು ವೇಷ ಹಾಕಿಕೊಳ್ಳಲು ವೇದಿಕೆಯ ಹಿಂದೆ ಹೋಗಿದ್ದರು. ನಾನು ಕೋಳಿ ಇಟ್ಟು ಕೂತೆ. ಅಷ್ಟರಲ್ಲಿ ಚಿಕ್ಕಮ್ಮ, "ಸೂಪು ಯಾರ ಹತ್ರ ಹೋಯ್ತು, ಈ ಕಡೆ ಬರ್ಲಿ," ಎಂದು ತಟ್ಟೆ ತಿರುಗಿಸಿದಳು. ಸೂಪು ಅವಳ ಮುಂದೆ ಬಂದು ನಿಂತಿತು. ಕೋಳಿ ಹೋ-ಚುವಾನ್ ಮಾವನ ಮುಂದೆ, ಕತ್ತೆತ್ತಿ, ನೇರ ಅವರ ಮುಖಕ್ಕೆ ಮುಖ ಕೊಟ್ಟು.

ಚಿಕ್ಕಮ್ಮನ ಕೈಯ ಸೌಟು ಅಲ್ಲೇ ಉಳಿಯಿತು.

"ಇದ್ರ ತಲೆ ಯಾಕೆ ಹೀಗಿದೆ?" ಎಂದು ಮಾವ ಬಡಿಸುವವನನ್ನು ಮೆಲ್ಲಗೆ ಕೇಳಿದರು.

"ಕಾರ್ಖಾನೆಯೋರೇ ಹಾಗೆ ಇಡೋಕೆ ಹೇಳಿದ್ದು," ಎಂದ ಅವನು, ಮುಂದಿನ ಮೇಜಿಗೆ ಹೋಗುತ್ತ.

ಮಾವ ಚಾಪ್‌ಸ್ಟಿಕ್ ಜೋಡಿಸಿ ಬಟ್ಟಲಿನ ಮೇಲಿಟ್ಟರು. ಎದೆಯ ಕೆಂಪು ಬಿಲ್ಲೆ ಬಿಚ್ಚಿ ಅದರ ಪಕ್ಕಕ್ಕಿಟ್ಟರು. "ಹೊಟ್ಟೆ ತುಂಬ್ತು. ನೀವು ನಿಧಾನ ಊಟ ಮಾಡಿ," ಎಂದು ಎದ್ದು ಸ್ಕೂಟರ್ ಕಡೆಗೆ ನಡೆದರು.

ನಾನು ಹೇಳಬೇಕಿತ್ತು. ಬಾಯಿ ತೆಗೆದು ಮೂರು ಪದ ಹೇಳಿದ್ದರೆ ಸಾಕಿತ್ತು. ತಿಂಗಳಿಡೀ ನಿಲ್ಲದೆ ಕುಣಿದ ನನ್ನ ಕಾಲು ಆ ಹೊತ್ತಿನಲ್ಲಿ ಕಲ್ಲಾಗಿತ್ತು.

ಚಿಕ್ಕಮ್ಮ ವೇದಿಕೆಯ ಹಿಂದಕ್ಕೆ ಓಡಿದಳು. ಮರುಕ್ಷಣ ಬಂಗಾರದ ನಲ್ಲಿಯೊಂದು ಶಾಮಿಯಾನದಿಂದ ಹೊರಗೆ ನುಗ್ಗಿತು. ಮಾವನ ಸ್ಕೂಟರ್ ಆಗಲೇ ಗೇಟು ದಾಟಿತ್ತು. ಅದರ ಹಿಂದೆ ರಸ್ತೆಯ ನಡುವೆ ನಮ್ಮ ಯಜಮಾನರು, ಕೊಳವೆ ಅಲ್ಲಾಡಿಸುತ್ತ, "ಹೋ-ಚುವಾನಣ್ಣ, ನಿಲ್ಲಿ, ನಿಲ್ಲಿ ಮಾರಾಯ್ರೇ," ಎಂದು ಕೂಗುತ್ತ ಓಡುತ್ತಿದ್ದರು. ಬೆಳಗಿನ ಘೋಷಣೆಯಲ್ಲಿ ಒಂದು ದಿನವೂ ಕೇಳದ ದನಿ. ಬೀದಿಯಲ್ಲಿ ಸಿಂಪಿ ಮಾಂಸ ಸುಟ್ಟು ಮಾರುತ್ತಿದ್ದ ಹೆಂಗಸು ಒಲೆ ಬಿಟ್ಟು ನಿಂತು ನೋಡಿದಳು. ನಮ್ಮಲ್ಲಿ ಒಬ್ಬರೂ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಸ್ಕೂಟರ್ ವಾಪಸು ಬಂತು. ಮುಂದೆ ಮಾವ, ಹಿಂದೆ ನಲ್ಲಿ. ಹಿಡಿ ಮುರಿದು ಜೋತಾಡುತ್ತಿತ್ತು.

ಯಜಮಾನರು ನೇರ ಮೇಜಿಗೆ ಬಂದು ಕೋಳಿಯನ್ನು ನೋಡಿದರು. ಕತ್ತಿನ ಕೆಳಗಿನ ಕ್ಯಾರೆಟ್ ಎಳೆದು ಕೈಯಲ್ಲಿ ಹಿಡಿದರು. ಒಮ್ಮೆ ನನ್ನತ್ತ ನೋಡಿದರು. ಮೈಕು ತೆಗೆದುಕೊಂಡರು.

"ಕೋಳಿ ತಲೆ ಎತ್ತಿಸಿ ಇಡ್ಸಿದ್ದು ನಾನು. ತಮಾಷೆ ಮಾಡೋಣ ಅಂದ್ಕೊಂಡೆ. ನಂಗೆ ತಮಾಷೆ ಬರಲ್ಲ ಅಂತ ನಿಮಗೆಲ್ಲ ಮೊದಲೇ ಗೊತ್ತಿತ್ತು, ನಂಗೆ ಇವತ್ತು ಗೊತ್ತಾಯ್ತು."

ಉಸಿರು ಎಳೆದುಕೊಂಡರು.

"ಪ್ಯಾಕಿಂಗ್‌ನಿಂದ ಯಾರೂ ಹೋಗಲ್ಲ. ಅದನ್ನ ಅವತ್ತೇ ಹೇಳ್ಬೇಕಿತ್ತು. 'ನೋಡೋಣ' ಅಂದೆ. ಧಣಿಯಾದೋನು ಹಾಗನ್ನಬಾರ್ದು. ಕೇಳಿಸ್ಕೊಂಡೋರು ಇಷ್ಟು ದಿನ ಹೇಗೆ ಊಟ ಮಾಡಿದ್ರೋ."

ಕೋಳಿಯ ಕತ್ತು ಲಟಕ್ಕನೆ ಮುರಿದು ತಲೆಯನ್ನು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಮೂವತ್ತು ಜನ ಅವರ ದವಡೆಯನ್ನೇ ನೋಡುತ್ತಿದ್ದೆವು.

"ಈಗ ಅದು ಯಾರ ಕಡೆಗೂ ನೋಡ್ತಿಲ್ಲ. ಊಟ ಮಾಡಿ."

ತುಂಗ್ ಮೇಡಂ ನನ್ನ ಕಿವಿಯಲ್ಲಿ, "ಅದ್ಭುತ. ಮೊದಲೇ ಯೋಜಿಸಿದ್ದಾ? ಮುಂದಿನ ವರ್ಷವೂ ಇಡೋಣ," ಎಂದರು.

ಫೆಬ್ರವರಿ ೨, ಸೋಮವಾರ

ಬೆಳಗ್ಗೆ ಘೋಷಣೆ ಇಲ್ಲ. ಯಜಮಾನರು ಅಂಗಳದಲ್ಲಿ ನಿಂತು, "ಜರ್ಮನಿ ಆರ್ಡರ್ ಇನ್ನೂ ಬಂದಿಲ್ಲ. ಬೇಸಿಗೆವರೆಗೂ ಓವರ್‌ಟೈಮ್ ಇರಲ್ಲ, ಕಷ್ಟ ಆಗುತ್ತೆ. ಸುದ್ದಿ ಒಳ್ಳೇದಾಗ್ಲಿ ಕೆಟ್ಟದಾಗ್ಲಿ, ಬಂದ ದಿನ ಇಲ್ಲೇ ನಿಂತು ಹೇಳ್ತೀನಿ," ಎಂದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರೂ ಬೇಗ ಚದುರಲೂ ಇಲ್ಲ.

ನನ್ನ ಬೆಂಚಿನ ಮೇಲೆ, ಹೊಸ ದೀಪದ ಕೆಳಗೆ, ಆ ಕ್ಯಾರೆಟ್ ಇತ್ತು. ಕೆಲಸದಿಂದ ತೆಗೆಯುತ್ತಾರೆಂದು ಖಚಿತವಾಯಿತು. ಮಧ್ಯಾಹ್ನ ಅವರು ಹತ್ತಿರದಿಂದ ಹಾದುಹೋದರು.

"ಊರುಗೋಲು ಗಟ್ಟಿಯಾಗಿ ಕೂತಿತ್ತು. ವಾಷರ್ ಕೂಡ ಹಾಗೇ ಕೂರಿಸು."

ನಿಲ್ಲದೆ ಹೊರಟರು. ಬಾಗಿಲ ಹತ್ತಿರ ಹೋಗಿ ತಿರುಗಿದರು. "ಮುಂದಿನ ವರ್ಷ ಕೋಳಿ ಬೇಡ, ಮೀನು ಸಾಕು."

ತಮಾಷೆ ಬರುವುದಿಲ್ಲವಂತೆ ಆ ಮನುಷ್ಯನಿಗೆ.

ಫೆಬ್ರವರಿ ೩

ಹೋಗಿ ಒಪ್ಪಿಕೋ ಎಂದು ಯಾರೂ ಹೇಳಲಿಲ್ಲ. ಟೀ ಹೊತ್ತಿಗೆ ಪ್ಯಾಕಿಂಗ್‌ಗೆ ಹೋಗಿ, ಡಬ್ಬಿಗಳ ನಡುವೆ ನಿಂತು, "ಮಾವ, ಅದು ನಾನು," ಎಂದೆ.

ಮಾವ ಟೇಪು ಹಚ್ಚುತ್ತಲೇ ಇದ್ದರು. "ಗೊತ್ತು ಬಿಡು. ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ತಮಾಷೆ ಮಾಡಿದ್ದು ನಾನು ನೋಡಿಲ್ಲ."

"ಮತ್ತೆ ಯಾಕೆ ವಾಪಸ್ ಬಂದ್ರಿ?"

"ಕನ್ನಡಿಯಲ್ಲಿ ನೋಡಿದೆ. ನಲ್ಲಿ ಓಡಿ ಬರ್ತಿತ್ತು." ಟೇಪು ಕತ್ತರಿಸಿದರು. "ಅದನ್ನ ನೋಡಿನೂ ಬಿಟ್ಟು ಹೋಗೋಕಾಗುತ್ತೇನಮ್ಮ?"

ಆಮೇಲೆ, "ಕೂತ್ಕೋ. ಆ ತುದಿ ಹಿಡ್ಕೋ," ಎಂದರು. ಹಿಡಿದುಕೊಂಡೆ. ಅಳು ಬಂದದ್ದು ರಟ್ಟಿನ ಧೂಳಿಗೆ ಎಂದು ಇಲ್ಲಿ ದಾಖಲಿಸತಕ್ಕದ್ದು.

ಫೆಬ್ರವರಿ ೬, ಶುಕ್ರವಾರ

ತೈಚುಂಗ್‌ನ ಮಧುರ ಕಂಠಕ್ಕೆ, ಬರುವುದಿಲ್ಲ ಎಂದೆ. ಕಾರಣ ಕೇಳಿದಳು. "ನಮ್ಮಲ್ಲಿ ಹೊಸ ದೀಪ ಹಾಕಿದಾರೆ," ಎಂದೆ. ಅಮ್ಮ ಮಾತು ಬಿಟ್ಟಿದ್ದಾಳೆ. ಶೇಂಗಾ ಮಾತ್ರ ಬೇಯಿಸಿಟ್ಟಿದ್ದಾಳೆ.

ಆದ್ದರಿಂದ ಸಮಸ್ತ ಹಿತ್ತಾಳೆಕುಲಕ್ಕೆ ತಿಳಿಯಪಡಿಸುವುದೇನೆಂದರೆ, ಷೀ ಕ್ವಾನ್-ಯಿಂಗ್ ಎಂಬ ನಾನು, ನಿಷ್ಠೆ, ಧರ್ಮ, ಗುಣಗ್ರಾಹಿತ್ವ ಮೊದಲಾದ ಉದಾತ್ತ ಕಾರಣಗಳಿಂದ, ಲಾಭವನ್ನು ತೃಣವೆಂದು ಬಗೆದು, ಸ್ವಯಂ ನಿರ್ಧಾರದಿಂದ ಮೂರನೆಯ ಬೆಂಚಿನಲ್ಲಿ ಮುಂದುವರಿಯತಕ್ಕವಳಾಗಿದ್ದೇನೆ.

ಇದಕ್ಕೆ ಒಂದು ಸಣ್ಣ ತಿದ್ದುಪಡಿ. ಯಾರೂ ಓದದ ದಿನಚರಿಯಲ್ಲೂ ಸುಳ್ಳು ಬರೆದಿದ್ದೆ. ಅವತ್ತು ನಾನು ಕೋಳಿಯ ತಲೆ ಇಟ್ಟದ್ದು ತುಂಗ್ ಮೇಡಂ ಕಡೆಗಲ್ಲ, ಅವರ ಪಕ್ಕದ ಕುರ್ಚಿಯ ಕಡೆಗೆ. ಅದು ನನ್ನದು. ಹೋಗಲೋ ಇರಲೋ ಎಂದು ತಿಂಗಳಿಡೀ ಒದ್ದಾಡಿ ಸಾಕಾಗಿತ್ತು. ಕೋಳಿಯಾದರೂ ಹೇಳಲಿ ಅಂದುಕೊಂಡಿದ್ದೆ.